ಮಾಮಾನ ಉಂಡಿ

ನಮ್ಮ ಮನೆಯಲ್ಲಿ ಇಲಿಗೆ ಇಲಿ ಎನ್ನುತ್ತಿರಲಿಲ್ಲ. ಮಾಮಾ ಎನ್ನುತ್ತಿದ್ದೆವು. ಹೆಸರು ಹಿಡಿದು ಕರೆದರೆ ಅದಕ್ಕೆ ಕೇಳಿಸುತ್ತದೆ, ಸಿಟ್ಟಿಗೆದ್ದು ಒಳ್ಳೆಯ ಸೀರೆಯನ್ನೇ ಹುಡುಕಿ ಕಡಿಯುತ್ತದೆ ಎಂದು ಅವ್ವನ ನಂಬಿಕೆ. ಅವಳ ಅವ್ವನದೂ ಅದೇ ಆಗಿತ್ತಂತೆ. ವಿಷ ಎಂಬ ಮಾತನ್ನಂತೂ ಕಾಳಿನ ಕೋಣೆಯ ಹತ್ತಿರ ಆಡುವಂತೆಯೇ ಇರಲಿಲ್ಲ. "ಮಾಮಾ ಬಂದಿದ್ದ", "ಮಾಮಾ ತೊಗರಿ ಚೀಲ ತೂತು ಮಾಡ್ಯಾನ", "ಮಾಮಾಗ ಏನರೆ ಇಡಬೇಕು", ಇಷ್ಟರಲ್ಲೇ ಎಲ್ಲ ಮಾತು ಮುಗಿಯುತ್ತಿತ್ತು.

ಆದರೆ ನಮಗೆ ಖರೇ ಮಾಮಾ ಒಬ್ಬನಿದ್ದಾನೆ. ಅವ್ವನ ತಮ್ಮ, ಸಾಸ್ತೂರಿನವನು. ಸಣ್ಣವಳಿದ್ದಾಗ ನಾನು ಇಬ್ಬರೂ ಒಬ್ಬನೇ ಎಂದು ತಿಳಿದಿದ್ದೆ. ಒಮ್ಮೆ ಅವನು ಬಂದು ಕೂತಾಗ, "ಮಾಮಾ, ನೀ ಯಾಕ ನಮ್ಮ ಚೀಲ ಕಡೀತಿ?" ಎಂದು ಎಲ್ಲರೆದುರು ಕೇಳಿಬಿಟ್ಟೆ. ಅವನು ನಗದೆ, "ಏನ್ ಮಾಡ್ಲೆವ್ವಾ, ನಿಮ್ಮವ್ವ ಹೊಟ್ಟಿ ತುಂಬ ಉಣ್ಲಾಕ ಹಾಕಂಗಿಲ್ಲ" ಎಂದಿದ್ದ. ಆಮೇಲೆ ಎಷ್ಟೋ ವರ್ಷ ಮನೆಯಲ್ಲಿ ಅದೇ ನಗೆ. ಈಗ ಆ ಮಾತು ನೆನಪಾದರೆ ನನಗೆ ನಗೆ ಬರುವುದಿಲ್ಲ.

ನಮ್ಮ ಮನೆ ಗಡಿಯಾಚೆ, ಮರಾಠಿ ನಾಡಿನ ತುರೋರಿಯಲ್ಲಿ, ಹೈವೇಗೆ ಸಮೀಪ. ನಾನು ನಿಲಂಗಾದ ಒಂದು ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿಸುತ್ತೇನೆ. ನಾಗರ ಪಂಚಮಿಗೆ ಮಾತ್ರ ಎಲ್ಲಿದ್ದರೂ ಊರಿಗೆ ಬರುತ್ತೇನೆ. ನಮ್ಮ ಕಡೆ ಅದು ಹೆಣ್ಣುಮಕ್ಕಳ ಹಬ್ಬ. ಮನೆಮನೆಯಲ್ಲೂ ಶೇಂಗಾ ಉಂಡಿ, ಎಳ್ಳುಂಡಿ ಕಟ್ಟುತ್ತಾರೆ. ಅಣ್ಣತಮ್ಮಂದಿರು ಬಂದು ಅಕ್ಕತಂಗಿಯರನ್ನು ತವರಿಗೆ ಕರೆದೊಯ್ಯುತ್ತಾರೆ. ಅವ್ವನ ತಲೆಯಲ್ಲಿ ಈಗ ಒಂದು ಕಪ್ಪು ಕೂದಲೂ ಇಲ್ಲ. ಆದರೂ ಮಾಮಾ ಒಂದು ವರ್ಷವೂ ತಪ್ಪಿಸಿಲ್ಲ.

ಹೋದ ಶ್ರಾವಣದಲ್ಲಿ ಕಾಳಿನ ಕೋಣೆಯಲ್ಲಿ ಇಲಿಗಳು ಬಹಳವಾಗಿದ್ದವು. ಮೊದಲು ಪಿಂಜರಾ ಇಟ್ಟರು. ಒಂದು ಸಿಕ್ಕಿತು. ಉಳಿದವು ಅದರ ಮಗ್ಗುಲಿಂದಲೇ ಓಡಾಡಿಕೊಂಡಿದ್ದವು. ಆಮೇಲೆ ಅಪ್ಪ ಅಂಟು ಬಳಿದ ರಟ್ಟು ತಂದ. ಅದಕ್ಕೆ ಸಿಕ್ಕ ಒಂದು ಇಲಿ ಬೆಳಗಿನಿಂದ ಚೀರುತ್ತಲೇ ಇತ್ತು. ಅವ್ವನಿಗೆ ತಡೆಯಲಾಗದೆ ಅದರ ಕಾಲಿಗೆ ಶೇಂಗಾ ಎಣ್ಣೆ ಸುರುವಿ, ಬಿಡಿಸಿ, ಹಿತ್ತಲಿಗೆ ಬಿಟ್ಟಳು.

"ಆರತಿ ಬೆಳಗಿ, ಎಲಿ ಅಡಿಕಿ ಕೊಟ್ಟು ಕಳಸಬೇಕಿತ್ತು," ಎಂದ ಅಪ್ಪ.

ಕೊನೆಗೆ ಉಮರ್ಗಾದ ಬೀಜ, ಗೊಬ್ಬರದ ಅಂಗಡಿಯಿಂದ ಕಪ್ಪು ಬೂದಿಬಣ್ಣದ ಪುಡಿಯ ಪುಡಿಕೆ ಬಂತು. ಅಂಗಡಿಯವನು ಅದರ ರೀತಿಯನ್ನೂ ಹೇಳಿ ಕಳಿಸಿದ್ದ. ಇಲಿಗೆ ಸಂಶಯ ಬಹಳ, ಹೊಸ ತಿನಿಸು ಕಂಡರೆ ಕೂಡಲೇ ಬಾಯಿ ಹಾಕುವುದಿಲ್ಲ. ಅದಕ್ಕೇ ಮೊದಲು ಕೆಲವು ದಿನ ಏನೂ ಬೆರೆಸದ ಉಂಡಿಯನ್ನು ಒಂದೇ ಜಾಗದಲ್ಲಿ, ಒಂದೇ ತಾಟಿನಲ್ಲಿ ಇಡಬೇಕು. ಅವು ಭಯವಿಲ್ಲದೆ ತಿನ್ನತೊಡಗಿದ ಮೇಲೆ ಒಂದು ದಿನ ಪುಡಿ ಕಲಸಬೇಕು.

"ಪಾವಣ್ಯಾರಂಗ ಉಣಿಸಿ ಉಣಿಸಿ, ನಂಬಿಕಿ ಬರ್ಸಿ ಆಮ್ಯಾಲ ಕೊಲ್ಲೂದೇನು?" ಎಂದಳು ಅವ್ವ. "ಮನಿಗಿ ಬಂದ ಪಾವಣ್ಯಾರಿಗಿ ಹಿಂಗ್ ಮಾಡ್ತಾರೇನು ಯಾರರೆ?"

"ಹಂಗಾರ ನೀನs ಹೋಗಿ ತಿಳಿಸಿ ಹೇಳು, ಬ್ಯಾರೆ ಮನಿ ನೋಡ್ಕೋರಿ ಅಂತ," ಎಂದ ಅಪ್ಪ.

ಗೊಣಗಿಕೊಂಡೇ ಅವ್ವ ಜೋಳದ ಹಿಟ್ಟು, ಬೆಲ್ಲ, ಹುರಿದ ಎಳ್ಳು ಸೇರಿಸಿ ಉಂಡಿ ಕಟ್ಟಿದಳು. ಅಂಚು ನೆಗ್ಗಿದ ಹಳೆಯ ಅಲ್ಯುಮಿನಿಯಂ ತಾಟಿನಲ್ಲಿಟ್ಟಳು. ದಿನಾ ಬೆಳಿಗ್ಗೆ ತಾಟು ಖಾಲಿ. ಪಂಚಮಿಯ ದಿನ ಭೂಮಿ ಅಗೆಯಬಾರದು, ಯಾವ ಜೀವವನ್ನೂ ಕೊಲ್ಲಬಾರದು. ಆದ್ದರಿಂದ ಹಿಂದಿನ ದಿನವೇ ಅದನ್ನು ಮುಗಿಸಬೇಕಿತ್ತು. ಸಂಜೆ ಬಂದು ತಾನೇ ಪುಡಿ ಕಲಸುತ್ತೇನೆ ಎಂದು ಅವ್ವನಿಗಷ್ಟೇ ಹೇಳಿ ಅಪ್ಪ ಟ್ರ್ಯಾಕ್ಟರ್ ರಿಪೇರಿಗೆ ಯೆಣೆಗೂರಿಗೆ ಹೋದ.

ನನ್ನ ತಮ್ಮನಿಗೆ ಉದಗೀರದಲ್ಲಿ ನೌಕರಿ. ಅವನೂ ಅವನ ಹೆಂಡತಿಯೂ ಹಬ್ಬಕ್ಕೆಂದು, ಅಪ್ಪ ಹೋದ ಹಿಂದಿನ ಸಂಜೆಯಷ್ಟೇ ಬಂದಿದ್ದರು. ಆಕೆ ಉದಗೀರದ ಪೇಟೆಯ ಕಾಳಿನ ವ್ಯಾಪಾರದ ಮನೆಯವಳು. ಅವರ ಅಂಗಡಿಯಲ್ಲಿ ಇಲಿಗೆ ಇಲಿ ಎಂದೇ ಬೈಯುತ್ತಾರೆ. ಮದುವೆಯಾಗಿ ವರ್ಷ ತುಂಬಿಲ್ಲ. ನಮ್ಮ ಮನೆಯಲ್ಲಿ ಒಂದು ವಾರ ಸತತ ಇದ್ದವಳೂ ಅಲ್ಲ.

ಹತ್ತಿರದ ಮನೆಗೆ ತಂಬಿಟ್ಟಿನ ಕೆಲಸಕ್ಕೆ ಹೊರಟ ಅವ್ವ, ಚಪ್ಪಲಿ ಮೆಟ್ಟುತ್ತಲೇ ಸೊಸೆಗೆ ಕೂಗಿ ಹೇಳಿದಳು: "ಏ ತಂಗೀ, ಮಾಮಾನ ಉಂಡಿ ಆಗ್ಯಾವ. ಕ್ವಾಣ್ಯಾಗ ತಾಟಿನಾಗ ಅದಾವ. ಜರಾ ನೋಡ್ಕೋ."

"ಹೂಂ ಅತ್ತಿ," ಎಂದಳು ಆಕೆ ಒಳಗಿನಿಂದ.

ಇಬ್ಬರ ಮಾತನ್ನೂ ನಾನು ಕೇಳಿದೆ. ನನಗೆ ಅದರಲ್ಲಿ ಏನೂ ವಿಶೇಷ ಅನ್ನಿಸಲಿಲ್ಲ. ಮಳೆ ಹನಿಯತೊಡಗಿತ್ತು. ಒಣಹಾಕಿದ ಬಟ್ಟೆ ತರಲು ಮಾಳಿಗೆ ಹತ್ತಿದೆ.

ಮಾಮಾ ಯಾವಾಗಲೂ ಸಂಜೆಯ ಬಸ್ಸಿಗೆ ಬರುವವನು. ಅಂದು ಮಧ್ಯಾಹ್ನದೊಳಗೇ ಬಂದಿದ್ದ. ನಾನು ಬಟ್ಟೆಯ ರಾಶಿ ಹೊತ್ತು ಕೆಳಗಿಳಿದಾಗ ಅವನು ಪಡಸಾಲೆಯ ಮಂಚದ ಮೇಲೆ ಕಾಲು ಮಡಚಿ ಕೂತಿದ್ದ. ಮುಂದೆ ಮಿರಮಿರ ಮಿಂಚುವ ಸ್ಟೀಲಿನ ತಾಟು, ಅದರಲ್ಲಿ ಉಂಡಿಗಳು. ತಮ್ಮನ ಹೆಂಡತಿ ಸೆರಗು ಹೊದ್ದು ಮಗ್ಗುಲಿಗೆ ನಿಂತಿದ್ದಳು.

"ಬಾರೆವ್ವಾ ಪ್ರೊಫೆಸರ್ ಬಾಯಿ," ಎಂದ ಬಾಯ್ತುಂಬ ಜಗಿಯುತ್ತ. "ನಿಮ್ಮನಿ ಸೊಸಿ ಬಿಡವಲ್ಲಳು ನೋಡು. ಒಂದು ತಿಂದ್ರೂ ಇನ್ನೊಂದು ತಗೋರಿ ಅಂತಾಳ."

ನಾನು ನಕ್ಕೆ. ತಾಟಿನಿಂದ ಒಂದು ಉಂಡಿ ಎತ್ತಿಕೊಂಡೆ ಕೂಡ. ಅದು ಬಾಯಿಯ ಹತ್ತಿರ ಬಂದಾಗ ಅಡುಗೆಮನೆಯಿಂದ ಹುರಿದ ಶೇಂಗಾದ ವಾಸನೆ ಬಂತು. ಶೇಂಗಾ ಇನ್ನೂ ಬುಟ್ಟಿಯಲ್ಲಿ ಆರುತ್ತಿತ್ತು. ಹಬ್ಬದ ಉಂಡಿಯನ್ನು ನಾವು ಇನ್ನೂ ಕಟ್ಟಿರಲೇ ಇಲ್ಲ.

"ಇವು ಎಲ್ಲಿವು?" ಎಂದೆ.

"ಕ್ವಾಣ್ಯಾಗಿನವು ಅಕ್ಕಾ. ಅತ್ತಿ ಹೇಳಿ ಹೋಗ್ಯಾರಲ್ಲ, ಮಾಮಾನ ಉಂಡಿ ಅಂತ. ಆ ತಾಟು ಚಂದ ಇರಲಿಲ್ಲ, ಅದಕ್ಕ ಇದರಾಗ ಹಾಕ್ದೆ."

ಮುಂದಿನದು ಇವತ್ತಿಗೂ ನನಗೆ ತುಂಡು ತುಂಡಾಗಿಯೇ ನೆನಪಿದೆ. ಮಾಮಾನ ಕೈಯಲ್ಲಿದ್ದ ಅರ್ಧ ಉಂಡಿಯನ್ನು ಕಸಿದುಕೊಂಡೆ. ತಾಟನ್ನು ಬಾಗಿಲಿನಾಚೆ ಎಸೆದೆ. ಅದು ಅಂಗಳದ ಹಾಸುಗಲ್ಲಿಗೆ ಬಡಿದು ಠಣ್ ಎಂದದ್ದು ಈಗಲೂ ಕಿವಿಯಲ್ಲಿದೆ. ಉಂಡಿಗಳು ಒದ್ದೆ ಮಣ್ಣಿನಲ್ಲಿ ಉರುಳಿದವು. ಆ ಪುಡಿಯಲ್ಲಿರುವುದು ಹೊಟ್ಟೆಯ ಆಮ್ಲಕ್ಕೋ ನೀರಿಗೋ ತಾಗಿದರೆ ಏನಾಗುತ್ತದೆ ಎಂದು ನನಗೆ ಗೊತ್ತು. ಅದರ ಸಮೀಕರಣವನ್ನು ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತೇನೆ. ಹುಟ್ಟುವ ವಿಷಾನಿಲಕ್ಕೆ ಬಳ್ಳೊಳ್ಳಿಯ ವಾಸನೆ ಇರುತ್ತದೆ ಎಂದೂ ಹೇಳುತ್ತೇನೆ.

"ಮಾಮಾ, ಬಾಯಿ ತೆರಿ."

ತೆರೆದ. ಗಪ್ಪನೆ ಬಳ್ಳೊಳ್ಳಿ ನಾತ.

ನನ್ನ ಮುಖ ನೋಡಿ ಅವನೇ ಗಾಬರಿಯಾದ. "ಏನಾಯ್ತೆ? ಮುಂಜಾನಿ ರೊಟ್ಟಿ, ಬಳ್ಳೊಳ್ಳಿ ಖಾರ ತಿಂದು ಬಂದೀನಿ. ಅಷ್ಟು ನಾರ್ತದೇನು?"

ಅದು ಬೆಳಗಿನ ಖಾರವೋ, ಹೊಟ್ಟೆಯೊಳಗಿನದೋ, ಹೇಗೆ ತಿಳಿಯುವುದು? ನನ್ನ ತಮ್ಮ ಕಾರು ತೆಗೆದ. ಅವನ ಹೆಂಡತಿ ಗೋಡೆಗೆ ಒರಗಿ, "ನಾ ಕೊಟ್ಟೀನಿ, ನಾನs ಕೊಟ್ಟೀನಿ" ಎನ್ನುತ್ತಿದ್ದಳು. ಅವ್ವನನ್ನು ಕರೆದು ಹೇಳಲು ಆಕೆಯನ್ನು ಮನೆಯಲ್ಲೇ ಬಿಟ್ಟು ನಾವು ಮೂವರು ಉಮರ್ಗಾದ ದಾರಿ ಹಿಡಿದೆವು.

ಹೈವೇಯಲ್ಲಿ ಲಾರಿಗಳ ಹಿಂದೆ ಲಾರಿ. ವಿಷಯ ತಿಳಿದ ಮಾಮಾ ನನ್ನನ್ನೇ ಸಮಾಧಾನ ಮಾಡತೊಡಗಿದ. "ಭೂಕಂಪದಾಗ ಮನಿ ಮೈಮ್ಯಾಲ ಬಿದ್ರೂ ಸಾಯಲಿಲ್ಲ ನಾ. ಒಂದೂವರಿ ಉಂಡಿಗಿ ಸಾಯ್ತೀನೇನು?"

"ತಿಂದಾಗ ರುಚಿ ಬ್ಯಾರೆ ಅನ್ನಿಸಲಿಲ್ಲೇನು ಮಾಮಾ?"

"ಅನ್ನಿಸ್ತು. ಕಸರಿತ್ತು. ಹೊಸ ಸೊಸಿ ಮಾಡ್ಯಾಳ, ಹೆಂಗ ಬಿಡ್ಲಿ? ಅಕಿ ಮನಸಿಗಿ ಏನ್ ಅನ್ನಿಸಬ್ಯಾಡ?" ಎಂದ. ಸ್ವಲ್ಪ ಹೊತ್ತಿಗೆ, "ಜರಾ ನೀರು ಕೊಡು" ಎಂದ.

ನಾನು ಕೊಡಲಿಲ್ಲ.

ಅಪ್ಪನ ಫೋನು ಹತ್ತುತ್ತಿರಲಿಲ್ಲ. ಉಮರ್ಗಾದ ಅಂಚಿಗೆ ಬಂದಾಗ ಹತ್ತಿತು. ಆ ಕಡೆ ಟ್ರ್ಯಾಕ್ಟರಿನ ಗದ್ದಲ. ನಾನು ಕೂಗಿ ಕೂಗಿ ಹೇಳಿದ್ದನ್ನು ಕೇಳಿಸಿಕೊಂಡು ಅಪ್ಪ ದೊಡ್ಡದಾಗಿ ನಕ್ಕ.

"ನಾ ಇನ್ನೂ ಕಲಸೇ ಇಲ್ಲಲ್ಲ! ಸಂಜಿಕ ಕಲಸೂದಿತ್ತು. ಬರೇ ಹಿಟ್ಟು ಬೆಲ್ಲ ಅದ. ತಿಂದ್ರ ತಿನ್ಲಿ ಬಿಡು, ಅವನೂ ಮಾಮಾನs ಅಲ್ಲೇನು!"

ತಮ್ಮ ಕಾರನ್ನು ರಸ್ತೆಯ ಬದಿಗೆ ನಿಲ್ಲಿಸಿ, ಸ್ಟೇರಿಂಗಿಗೆ ಹಣೆ ಹಚ್ಚಿ ನಕ್ಕ. ನನಗೆ ಅಳುವೂ ನಗುವೂ ಒಟ್ಟಿಗೇ ಬಂದವು. "ನಡಿ, ಮೊದಲ ಚಾ ಕುಡಿಸು. ಹೆದರ್ಸಿ ಹೆದರ್ಸಿ ಗಂಟಲ ಒಣಗಿಸಿಬಿಟ್ಟಿ," ಎಂದ ಮಾಮಾ. ಕಾರು ತಿರುಗಿಸಿ ಒಂದು ಚಹಾದಂಗಡಿಯ ಮುಂದೆ ನಿಂತೆವು.

ಮಾಮಾ ಚಹಾವನ್ನು ಬಸಿಗೆ ಸುರುವಿಕೊಂಡು ಊದುತ್ತಿದ್ದ. ನನ್ನ ಫೋನು ರಿಂಗಾಯಿತು. ತಮ್ಮನ ಹೆಂಡತಿ. ಮೊದಲು ಬರೀ ಉಸಿರು. ಆಮೇಲೆ, "ಅಕ್ಕಾ, ಅಂಗಳದಾಗಿನ ಉಂಡಿ ಕಾಗಿ ತಿಂತು. ಬಿದ್ದು ರೆಕ್ಕಿ ಬಡೀಲತ್ತದ. ಮ್ಯಾಲ ಏಳವಲ್ದು."

ಆಕೆಯ ಕೈಯಿಂದ ಫೋನು ಕಸಿದುಕೊಂಡು ಅವ್ವ ಮಾತಾಡಿದಳು. "ನಾನs ಮುಂಜಾನಿ ಕಲಸೀನಿ. ಇವರು ಯೆಣೆಗೂರಿಂದ ಯಾವಾಗ ಬರ್ತಾರೋ, ಹಬ್ಬ ಹತ್ತಿ ಬಿಡ್ತದ ಅಂತ ಕಲಸೀನಿ. ಉಂಡಿ ಆಗ್ಯಾವ ಅಂತ ಹೇಳ್ದೆನಲ್ಲ ನಾ! ಹೇಳ್ದೆನಲ್ಲ!"

ಬಸಿ ಮಾಮಾನ ತುಟಿಗೆ ತಾಗಿತ್ತು. ಅದನ್ನು ಹೊಡೆದು ಕೆಡವಿದೆ. ಬಿಸಿ ಚಹಾ ಅವನ ಧೋತರದ ಮೇಲೆ ಚೆಲ್ಲಿತು. ಅವನು ನನ್ನ ಮುಖವನ್ನೊಮ್ಮೆ ನೋಡಿ, ಎದ್ದು, ರಸ್ತೆಯ ಬದಿಗೆ ಹೋಗಿ ಬಗ್ಗಿದ. ವಾಂತಿಯಾಯಿತು. ಬಗ್ಗಿದ ಅವನ ಕತ್ತು ಬೆವರಿನಿಂದ ತೊಯ್ದು ಹೋಗಿತ್ತು. ನಾನು ಕ್ಲಾಸಿನಲ್ಲಿ ನಿಂತಿದ್ದಾಗ, ಬಸ್ಸಿನಲ್ಲಿ ಕೂತಿದ್ದಾಗ, ಏನೂ ಕಾರಣವಿಲ್ಲದೆ ಮತ್ತೆ ಮತ್ತೆ ಕಣ್ಣೆದುರು ಬರುವುದು ಆ ಕತ್ತು ಮತ್ತು ಆ ಬಸಿ. ಫೋನು ಇನ್ನೊಂದು ಗುಟುಕಿನಷ್ಟು ತಡವಾಗಿದ್ದರೆ? ಕಾಗೆ ಅಂಗಳಕ್ಕೆ ಇಳಿಯದೇ ಇದ್ದಿದ್ದರೆ? ನಾವು ನಗುತ್ತ ಮನೆಗೆ ಹೋಗಿ, ಅವನಿಗೆ ಹಾಸಿಗೆ ಹಾಸಿ, ಮಲಗು ಎನ್ನುತ್ತಿದ್ದೆವು.

ಉಮರ್ಗಾದ ದವಾಖಾನೆಯಲ್ಲಿ ಮೂಗಿನಿಂದ ನಳಿಗೆ ಇಳಿಸಿದರು, ಸಲೈನ್ ಹಚ್ಚಿದರು. ಇದಕ್ಕೆ ಇದೇ ಎನ್ನುವ ಮದ್ದು ಇಲ್ಲ, ಹೃದಯ ತಡೆದುಕೊಳ್ಳುತ್ತದೆಯೇ ಎಂದು ಕಾದು ನೋಡಬೇಕು ಎಂದರು ಡಾಕ್ಟರು. ಅಷ್ಟರಲ್ಲಿ ಅವ್ವ ಯಾರದೋ ಮೋಟಾರ್ ಸೈಕಲ್ ಹತ್ತಿ ಬಂದಳು. ತಲೆಯ ಮೇಲೆ ಸೆರಗಿಲ್ಲ, ಕೈಗೆಲ್ಲ ತಂಬಿಟ್ಟು.

ಉಂಡಿಯಲ್ಲಿ ಏನು ಹಾಕಿದಿರಿ, ಯಾರಿಗೆಂದು ಮಾಡಿದಿರಿ ಎಂದು ಡಾಕ್ಟರು ಮರಾಠಿಯಲ್ಲಿ ಕೇಳಿದರು.

"ಮಾಮಾಸಾಠಿ," ಎಂದಳು ಅವ್ವ. ಮಾಮಾನಿಗೆಂದು.

ಡಾಕ್ಟರು ಹಾಸಿಗೆಯಲ್ಲಿದ್ದವನನ್ನು ನೋಡಿದರು. "ಇವರು ನಿಮಗೆ ಏನಾಗಬೇಕು?"

"ತಮ್ಮ. ಈ ಮಕ್ಕಳ ಮಾಮಾ."

"ಬೇಕಂತಲೇ ಮಾಡಿದಿರಾ?"

"ಹೂಂ ರೀ, ನಾನs ಕಲಸೀನಿ. ಮಾಮಾ ಬಹಳ ಕಾಡ್ತಿದ್ದ..."

ನರ್ಸ್ ಕೈಯಲ್ಲಿದ್ದ ಬಾಟಲಿ ಹಿಡಿದು ಹಾಗೇ ನಿಂತಳು. ಡಾಕ್ಟರರ ಮುಖ ಬದಲಾದದ್ದು ಅವ್ವನಿಗೆ ತಿಳಿಯಿತು, ಯಾಕೆಂದು ತಿಳಿಯಲಿಲ್ಲ. ಅವ್ವ ಒಮ್ಮೆ ಅವರನ್ನು, ಒಮ್ಮೆ ಹಾಸಿಗೆಯಲ್ಲಿದ್ದ ತನ್ನ ತಮ್ಮನನ್ನು ನೋಡಿದಳು. ತಾನು ಆಡಿದ್ದು ಏನೆಂದು ಆಗ ಹೊಳೆಯಿತು. ಇಡೀ ವಾರ್ಡು ತಿರುಗಿ ನೋಡುವಂತೆ ಚೀರಿದಳು:

"ಇಲಿಗಿ ರೀ! ಇಲಿಗಿ! ಇಲಿಗಿ ಹಾಕೂ ವಿಷ ಅದು! ಇಲಿ, ಇಲಿ, ಇಲಿ!"

ಹುಟ್ಟಿದಾಗಿನಿಂದ ಅವಳ ಬಾಯಲ್ಲಿ ನಾನು ಆ ಮಾತು ಕೇಳಿದ್ದು ಅದೇ ಮೊದಲು. ಹೇಳಿ ಮುಗಿಸಿ ನೆಲದ ಮೇಲೆ ಕೂತುಬಿಟ್ಟಳು.

ಆ ಸಂಜೆ ಮಾಮಾನ ರಕ್ತದೊತ್ತಡ ಇಳಿಯುತ್ತ ಹೋಯಿತು. ಡಾಕ್ಟರು ನಮ್ಮೊಡನೆ ಮಾತಾಡುವುದನ್ನೇ ಕಡಿಮೆ ಮಾಡಿದರು. ಪಂಚಮಿ ದವಾಖಾನೆಯ ವರಾಂಡದಲ್ಲಿ ಬಂತು, ಹೋಯಿತು. ಅಪ್ಪ ಒಂದು ಮೂಲೆಯಲ್ಲಿ ನಿಂತು, "ನಾ ಫೋನಿನಾಗ ನಕ್ಕೆ" ಎಂದಷ್ಟೇ ಅಂದ. ಹಬ್ಬ ಕಳೆದ ಮೇಲೆ ಒಂದು ಬೆಳಿಗ್ಗೆ ಮಾಮಾ ಕಣ್ಣು ಬಿಟ್ಟು ಗಂಜಿ ಕೇಳಿದ. ಅವ್ವ ಕೈ ಮುಂದೆ ಮಾಡಲಿಲ್ಲ. ನರ್ಸೇ ಕುಡಿಸಿದಳು. ವಾಂತಿ ಬೇಗ ಆದದ್ದು, ಪುಡಿ ಸರಿಯಾಗಿ ಕೂಡದೆ ಗಂಟುಗಂಟಾಗಿ ಉಳಿದಿದ್ದಿರಬಹುದಾದದ್ದು, ಇವೇ ಉಳಿಸಿವೆ ಎಂದರು ಡಾಕ್ಟರು. ಆ ಕೆಲಸ ಒಗ್ಗದ ಅವ್ವ ಅರೆಬರೆ ಕಲಸಿ ಎದ್ದಿರಬೇಕು.

ಈ ವರ್ಷ ಪಂಚಮಿಗೆ ಮಾಮಾ ಬಂದ. ಹೊಸ್ತಿಲಲ್ಲಿ ನಿಂತು, ಓಣಿಗೆಲ್ಲ ಕೇಳುವಂತೆ ಕೂಗಿದ: "ಖರೇ ಮಾಮಾ ಬಂದೀನ್ರೀ! ಎರಡು ಕಾಲಿಂದು!"

ಅಪ್ಪ ನಕ್ಕ. ಕಾಳಿನ ಕೋಣೆಯಲ್ಲಿ ಈಗ ತಗಡಿನ ಕಣಜಗಳಿವೆ. ಪುಡಿಕೆ ಮನೆಯೊಳಗೆ ಬರುವುದಿಲ್ಲ. ಅವ್ವ ಇಲಿಗೆ ಇಲಿ ಎಂದೇ ಅನ್ನುತ್ತಾಳೆ, ಅದೂ ಗಟ್ಟಿಯಾಗಿ. ಆದರೆ ಅಂದು ಉಂಡಿಯ ತಾಟು ತರಲು ಅವಳು ಏಳಲಿಲ್ಲ.

"ಸೊಸಿ ಎಲ್ಲಿದ್ದಾಳ? ಅಕಿ ಕೈಲಿಂದ ಕೊಡಸರಿ," ಎಂದ ಮಾಮಾ.

ತಮ್ಮನ ಹೆಂಡತಿ ಅಡುಗೆಮನೆಯ ಬಾಗಿಲ ಹಿಂದಿನಿಂದ ಬಂದಳು. ತಾಟಿನಲ್ಲಿ ಶೇಂಗಾ ಉಂಡಿ. ಎದುರಿಗೆ ನಿಂತು ಒಂದನ್ನು ಎತ್ತಿಕೊಂಡು ಎರಡು ಹೋಳು ಮಾಡಿದಳು. ಒಂದು ಹೋಳನ್ನು ತನ್ನ ಬಾಯಿಗೆ ಹಾಕಿಕೊಂಡು, ಅಗಿದು, ನುಂಗಿ, ಕಾದು ನಿಂತಳು. ಸ್ವಲ್ಪ ಹೊತ್ತಾದ ಮೇಲೆ ಉಳಿದ ಹೋಳನ್ನು ಅವನ ಅಂಗೈಯಲ್ಲಿಟ್ಟಳು.

ಮಾಮಾ ತಿಂದ. ಬೆರಳಿಗೆ ಹತ್ತಿದ ಬೆಲ್ಲವನ್ನೂ ನೆಕ್ಕಿದ. "ಇನ್ನೊಂದು ತಗೋರಿ ಅನ್ನಂಗಿಲ್ಲೇನು?" ಎಂದ.

ಆಕೆ ಮೊದಲ ಸಲ ತಲೆಯೆತ್ತಿ ಅವನನ್ನು ನೋಡಿದಳು. ನಾನು ಅಂಗಳಕ್ಕೆ ಇಳಿದ ಕಾಗೆಗಳನ್ನು ನೋಡುತ್ತಿದ್ದೆ.