ಅತ್ತೆಯ ಅಂಗೈ, ಷಡ್ಡಕರ ಗಲ್ಲ

ಮೂಡಲಗಿಯಲ್ಲಿರುವ ನನ್ನ ಅತ್ತೆಯವರಿಗೆ ಕಣ್ಣು ಮಂಜಾಗಿ ಬಹಳ ದಿನವಾಯಿತು. ಮನೆಗೆ ಬಂದವರನ್ನು ಅವರು ಕೈಯಿಂದ ನೋಡುತ್ತಾರೆ. ಮೊಮ್ಮಕ್ಕಳಾದರೆ ತಲೆ, ಹೆಣ್ಣುಮಕ್ಕಳಾದರೆ ಬಳೆ, ಅಳಿಯಂದಿರಾದರೆ ಗಲ್ಲ.

ಪಂಚಮಿಗೆ ನಾವಿಬ್ಬರೂ ಅಳಿಯಂದಿರು ಅಲ್ಲಿ ಕೂಡಿದ್ದೆವು. ದೊಡ್ಡ ಅಳಿಯ, ಅಂದರೆ ನನ್ನ ಷಡ್ಡಕರು, ಹುಕ್ಕೇರಿ ತಾಲ್ಲೂಕಿನ ದಡ್ಡಿಯವರು. ಅತ್ತೆ ಮೊದಲು ಅವರ ಗಲ್ಲ ಸವರಿದರು. ಸವರಿದ ಕೈಯನ್ನು ತೆಗೆಯಲೇ ಇಲ್ಲ.

“ಏನ್ರಿ ಇದು, ಬೆಣ್ಣಿ ಹಚ್ಚಿದಂಗ ಐತಲ್ರಿ.”

ಆಮೇಲೆ ಗೋಕಾಕದ ಅಳಿಯನಾದ ನನ್ನ ಕಡೆ ಬಂತು ಆ ಕೈ. ಮುಳ್ಳುಬೇಲಿ ತಾಗಿದ ಹಾಗೆ ಹಿಂದೆ ಸರಿಯಿತು.

“ಇವ್ರು ಗೋಕಾಕದವ್ರು” ಅಂದರು.

ಪಡಸಾಲೆಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ತಾಟಿನಲ್ಲಿದ್ದ ಉಂಡಿಯನ್ನು ಅರ್ಧ ತಿಂದು ಬದಿಗೆ ಸರಿಸಿದೆ. ಹೊಟ್ಟೆಕಿಚ್ಚಿನವನಿಗೆ ಉಂಡದ್ದು ಮೈಗೆ ಹತ್ತುವುದಿಲ್ಲ ಎಂದು ನಮ್ಮ ಅಜ್ಜಿ ಹೇಳುತ್ತಿದ್ದಳು. ನಾನೂ ಆ ದಿನ ಬೆಳಿಗ್ಗೆಯೇ ದಾಡಿ ಮಾಡಿಸಿಕೊಂಡು ಬಂದವನು. ಷಡ್ಡಕರಿಗೆ ನನಗಿಂತ ವಯಸ್ಸು ಹೆಚ್ಚು, ಹೊಲ ಹೆಚ್ಚು, ತಲೆಯಲ್ಲಿ ಕೂದಲೂ ಹೆಚ್ಚು. ಅದೆಲ್ಲ ಇರಲಿ ಎಂದು ಬಿಟ್ಟುಕೊಟ್ಟಿದ್ದೆ. ಗಲ್ಲವನ್ನು ಬಿಟ್ಟುಕೊಡಲು ಮನಸ್ಸಾಗಲಿಲ್ಲ. ದೀಪಾವಳಿಗೆ ಮತ್ತೆ ಎಲ್ಲರೂ ಕೂಡುವವರಿದ್ದೆವು. ಅಷ್ಟರೊಳಗೆ ಆ ಕೈ ನನ್ನ ಗಲ್ಲದ ಮೇಲೂ ನಿಲ್ಲಬೇಕು, ಅಷ್ಟೆ.

ಕೈ ತೊಳೆಯುವಾಗ ಷಡ್ಡಕರನ್ನು ಹಿಡಿದೆ.

“ಅಣ್ಣಾರ, ದಾಡಿ ಎಲ್ಲಿ ಮಾಡಸ್ತೀರಿ?”

“ನಮ್ಮ ಕಡೆ ಒಬ್ರು ಅದಾರ ತಮ್ಮಾ.”

“ಬ್ಲೇಡೋ, ಕತ್ತಿಯೋ?”

“ಕತ್ತಿ. ಹಳೀದು, ಮಡಚೂದು. ಆದ್ರ ಅವ್ರು ಭಾಳ ಮಂದಿಗೆ ಮಾಡಂಗಿಲ್ಲ.”

ಅಷ್ಟು ಹೇಳಿ ಬಾಯಿ ಒರೆಸಿಕೊಂಡು ಹೋದರು.

ಈಗ ಎಲ್ಲ ಅಂಗಡಿಗಳಲ್ಲೂ ಬ್ಲೇಡನ್ನು ಅರ್ಧ ಮುರಿದು ಹಿಡಿಗೆ ಸಿಕ್ಕಿಸಿ ಕೆರೆಯುತ್ತಾರೆ. ಸಾಣೆಕಲ್ಲಿಗೆ ಹಿಡಿದು, ತೊಗಲಿನ ಪಟ್ಟಿಗೆ ಉಜ್ಜುವ ಕತ್ತಿಯನ್ನು ಇಟ್ಟುಕೊಂಡವರು ಎಲ್ಲೋ ಒಬ್ಬರು. ಗೋಕಾಕದ ಹಳೇ ಪೇಟೆಯಲ್ಲಿ ಅಂಥವರೊಬ್ಬರು ಸಿಕ್ಕರು. ನೊರೆ ಹಚ್ಚಿ, ಎರಡು ಬೆರಳಿನಿಂದ ನನ್ನ ಗಲ್ಲ ಎಳೆದು ಹಿಡಿದು, ಸುಮ್ಮನೆ ನಿಂತರು.

“ದವಡಿ ಸಡ್ಲ ಬಿಡ್ರಿ ಸಾಹೇಬ್ರ.”

“ಬಿಟ್ಟೀನಲ್ರಿ.”

“ಇಲ್ರಿ, ಹಲ್ಲು ಕಚಗೊಂಡ ಕುಂತೀರಿ. ಯಾರ ಮ್ಯಾಲ ಸಿಟ್ಟು?”

ಯಾರ ಮೇಲೆ ಎಂದು ಹೇಳಲಿ? ಕಣ್ಣು ಮುಚ್ಚಿದರೆ ಬೆಣ್ಣೆ ಹಚ್ಚಿದ ಗಲ್ಲವೊಂದು ಎದುರು ಬರುತ್ತಿತ್ತು. ಕತ್ತಿ ಗದ್ದದ ಕೆಳಗೆ ಕಚ್ಚಿತು. ಪಟಿಕದ ಹರಳು ಉಜ್ಜಿಸಿಕೊಂಡು ಉರಿಯುತ್ತ ಮನೆಗೆ ಬಂದೆ.

ಮೂಡಲಗಿಯ ಸಂತೆಯ ಹತ್ತಿರದ ಅಂಗಡಿಯಲ್ಲೂ ಅದೇ ಮಾತು, “ದವಡಿ ಬಿಡ್ರಿ.” ಕಡೆಗೆ ಹುಕ್ಕೇರಿಗೇ ಹೋದೆ. ಅಲ್ಲಿಯವರಂತೂ ಕತ್ತಿಯನ್ನೇ ಮಡಚಿ ಇಟ್ಟುಬಿಟ್ಟರು. “ನಿಮಗ ಬ್ಲೇಡ ಚಲೋರಿ. ಕತ್ತಿಗೆ ಗಲ್ಲ ಮೆತ್ತಗಿರಬೇಕು” ಅಂದರು.

ಹುಕ್ಕೇರಿಯ ತನಕ ಬಂದವನು ಬರಿಗೈಯಲ್ಲಿ ತಿರುಗಲು ಮನಸ್ಸಾಗದೆ ದಡ್ಡಿಯ ಬಸ್ಸು ಹತ್ತಿದೆ. ಆ ಕ್ಷೌರಿಕರು ಯಾರೆಂದು ಊರಲ್ಲೇ ಕೇಳಿದರಾಯಿತು ಎಂದುಕೊಂಡೆ. ಯಾರನ್ನೂ ಕೇಳುವ ಪ್ರಸಂಗ ಬರಲಿಲ್ಲ. ಷಡ್ಡಕರ ಮನೆಯ ಬಾಗಿಲು ತೆರೆದಿತ್ತು. ಹಿತ್ತಲಲ್ಲಿ ಮಾತು ಕೇಳಿಸಿ ಒಳಗೆ ಹೋದೆ.

ಷಡ್ಡಕರು ಒಗೆಯುವ ಕಲ್ಲಿನ ಮೇಲೆ ಕುಳಿತು ಮುಖವನ್ನು ಬಿಸಿಲಿಗೆ ಎತ್ತಿದ್ದರು. ನನ್ನ ಹೆಂಡತಿಯ ಅಕ್ಕ ಸೆರಗು ಸಿಕ್ಕಿಸಿಕೊಂಡು, ಅವರ ಗದ್ದ ಹಿಡಿದು ಕತ್ತಿ ಎಳೆಯುತ್ತಿದ್ದರು. ಎಮ್ಮೆ ಸರಿಯಾಗಿ ಹಾಲು ಬಿಡುತ್ತಿಲ್ಲ ಎಂಬ ದೂರು ಒಂದೇ ಸಮನೆ ನಡೆದಿತ್ತು. ಷಡ್ಡಕರ ಬಾಯಿ ಅರ್ಧ ತೆರೆದು, ತೊಟ್ಟಿಲ ಕೂಸಿನ ಹಾಗೆ ಸಡಿಲವಾಗಿತ್ತು. ಅಷ್ಟು ನಿಶ್ಚಿಂತೆಯಿಂದ ಕುತ್ತಿಗೆ ಒಡ್ಡಿ ಕುಳಿತ ಗಂಡಸನ್ನು ನಾನು ಕಂಡಿಲ್ಲ. ಅಲ್ಲಿಯ ತನಕ ಗಲ್ಲಕ್ಕಷ್ಟೇ ಇದ್ದ ಹೊಟ್ಟೆಕಿಚ್ಚು ಆಗ ಇಡೀ ಹಿತ್ತಲಿಗೆ ಹಬ್ಬಿತು.

“ಹೇಳಿದ್ನಲ್ಲ ತಮ್ಮಾ, ಭಾಳ ಮಂದಿಗೆ ಮಾಡಂಗಿಲ್ಲಂತ” ಅಂದರು ಷಡ್ಡಕರು, ಒಂದು ಕಣ್ಣು ತೆರೆದು ನನ್ನನ್ನು ನೋಡಿ ಮತ್ತೆ ಮುಚ್ಚುತ್ತ.

ಅಕ್ಕ ಕತ್ತಿಯನ್ನು ತೋರಿಸಿದರು. “ನಮ್ಮ ಅಪ್ಪನ ಕತ್ತಿರಿ ಇದು. ನಮ್ಮ ಲಗ್ನಕ್ಕ ಮೊದಲ ಅವ್ರು ಲಕ್ವಾ ಹೊಡದು ಮಲಗಿದಾಗ ನಾವ ಮಾಡತಿದ್ವಿ. ಕುರಿ ಉಣ್ಣೆ ಕತ್ತರಸೂ ಮಂದಿ ನಾವು. ಕುರಿ ಮೈ ಬಿಗದ್ರ ಕತ್ತರಿ ಕಚ್ಚತೈತಿ, ಮಾತಾಡಿಸ್ಕೋತ ಕತ್ತರಸ್ರಿ ಅಂತ ಅಪ್ಪನ ಹೇಳಿಕೊಟ್ಟಿದ್ದು.”

“ನಾವ ಅಂದ್ರ?”

“ನಾನೂ, ನಿಮ್ಮ ಮನಿಯಾಕೀನೂ.”

ಗೋಕಾಕಕ್ಕೆ ಬಂದವನೇ ಹೆಂಡತಿಯ ಮುಂದೆ ನಿಂತೆ.

“ನಿನಗ ದಾಡಿ ಮಾಡಾಕ ಬರತೈತೇನು?”

“ಬರತೈತಿ.”

“ಮತ್ತ ಇಷ್ಟ ವರ್ಷ ಹೇಳಲೇ ಇಲ್ಲ.”

“ಕೇಳಿದ್ರ ಹೇಳತಿದ್ದೆ. ಅಕ್ಕನ ಗಂಡನ ಗಲ್ಲ ನೋಡೂದ್ರಾಗ ನಿಮಗ ನನ್ನ ಕೈ ಎಲ್ಲಿ ಕಾಣಬೇಕು?”

“ಹಂಗಾರ ದೀಪಾವಳಿಗೆ ನೀನ ಮಾಡು” ಅಂದೆ.

ಆಕೆಯೇ ಅಕ್ಕನಿಂದ ಅಪ್ಪನ ಕತ್ತಿ ತರಿಸಿದಳು. ದೀಪಾವಳಿಯ ಬೆಳಿಗ್ಗೆ ಹಿತ್ತಲಲ್ಲಿ ಕುಳಿತೆ. ಗದ್ದ ಎತ್ತಿದಳು. ಹಲ್ಲು ತಾವಾಗಿಯೇ ಕಚ್ಚಿಕೊಂಡವು. ಆಕೆ ಅವಸರ ಮಾಡಲಿಲ್ಲ. ಕತ್ತಿಯನ್ನು ಪಕ್ಕಕ್ಕೆ ಹಿಡಿದು, ಮದುವೆಯಾದ ಹೊಸದರಲ್ಲಿ ನಾನು ಮಾವನವರ ಕುರಿಹಟ್ಟಿಯಲ್ಲಿ ಟಗರಿಗೆ ಅಂಜಿ ಗೂಟ ಹತ್ತಿದ ಕಥೆ ತೆಗೆದಳು. ನಾನು ಹತ್ತಿದ್ದು ಗೂಟವಲ್ಲ, ಗೋಡೆ ಎಂದು ತಿದ್ದಲು ಬಾಯಿ ತೆರೆದೆ. ಅಷ್ಟರಲ್ಲಿ ಒಂದು ಗಲ್ಲ ಮುಗಿದಿತ್ತು. ಕತ್ತಿ ಹರಿದದ್ದೇ ತಿಳಿಯಲಿಲ್ಲ.

ಮೂಡಲಗಿ ಮುಟ್ಟಿದಾಗ ಷಡ್ಡಕರು ಇನ್ನೂ ಬಂದಿರಲಿಲ್ಲ. ಅದೂ ಒಳ್ಳೆಯದೇ ಅನಿಸಿತು. ಅತ್ತೆಯ ಮುಂದೆ ಕುಳಿತೆ. ಕೈ ಬಂತು, ಸವರಿತು, ನಿಂತಿತು.

“ದಡ್ಡಿ ಅಳಿಯಾರ, ಬಂದ್ರೇನು? ಬರ್ರಿ. ಗೋಕಾಕದವ್ರು ಇನ್ನೂ ಬಂದಿಲ್ಲ ನೋಡ್ರಿ.”

ಹಿಂದೆ ನಿಂತಿದ್ದ ನನ್ನ ಹೆಂಡತಿ ಸೆರಗನ್ನು ಬಾಯಿಗೆ ಒತ್ತಿಕೊಂಡಳು. ಕಡೆಗೂ ಸಿಕ್ಕ ಹೊಗಳಿಕೆ ನನ್ನ ಗಲ್ಲದ ಮೇಲಿಂದಲೇ ಜಾರಿ ದಡ್ಡಿಗೆ ಹೋಗುತ್ತಿತ್ತು. ನಾನು ಯಾರೆಂದು ಹೇಳಿದರೆ ಆ ಕೈ ಎಲ್ಲಿ ಹಿಂದೆ ಸರಿಯುತ್ತದೋ ಎಂದು, ಸಣ್ಣ ದನಿಯಲ್ಲಿ “ಹೂಂ” ಎಂದೆ.