ಗೌರಕ್ಕನ ಒಂದು ಮುಷ್ಟಿ

ಗೌರಕ್ಕನ ಹುಬ್ಬು ಕಪ್ಪಗಿದ್ದುದನ್ನು ಅಕ್ಕಲಕೋಟದಲ್ಲಿ ಯಾರೂ ನೋಡಿರಲಿಕ್ಕಿಲ್ಲ. ಬೆಳಗಿನಿಂದ ಹಿಟ್ಟಿನ ಗಿರಣಿಯಲ್ಲಿ ನಿಂತು ಹುಬ್ಬು, ರೆಪ್ಪೆ, ತಲೆಯ ಸೆರಗು ಎಲ್ಲ ಬೆಳ್ಳಗೆ. ಗಿರಣಿಯ ಸದ್ದನ್ನೂ ಮೀರಿಸುವ ಗಂಟಲು. ಐವತ್ತು ದಾಟಿದ ಕಾರಕೂನನಾದರೂ ನಾನು ಆಕೆಗೆ 'ತಮ್ಮಾ'.

ಚಪಾತಿಯ ಗೋಧಿಗೆ ಸೋಯಾ ಬೆರೆಸಿ ಬೀಸಿಸುವುದು ನಮ್ಮ ಕಡೆ ರೂಢಿ. ಗೌರಕ್ಕನದು ರೂಢಿಯಲ್ಲ, ಹಟ. ಸಕ್ಕರೆ ಕಾಯಿಲೆಯವರ ಮನೆಯ ಕಾಳು ಬಂದರೆ, ಜೋಳವಿರಲಿ ಗೋಧಿಯಿರಲಿ, ತಾನೇ ಹುರಿದು ತಂದ ಸೋಯಾಕಾಳನ್ನು ಕೇಳದೆಯೇ ಒಂದು ಮುಷ್ಟಿ ಹಾಕಿಬಿಡುತ್ತಿದ್ದಳು. ಆಕೆಯ ಗಂಡನಿಗೆ ಸಕ್ಕರೆಯಿಂದ ಕಿಡ್ನಿ ಕೆಟ್ಟಾಗ ಸೊಲ್ಲಾಪುರದ ದವಾಖಾನೆಯಲ್ಲಿ ಯಾರೋ ಮಟನ್ ಬಿಡಿಸಿ ಸೋಯಾ ತಿನ್ನಿಸು ಎಂದಿದ್ದರಂತೆ.

"ಆರು ತಿಂಗಳ ಅಂದಿದ್ರೋ ತಮ್ಮಾ. ನಾಕ್ ವರ್ಷ ಬದುಕಿದ. ಯಾತರ ಮ್ಯಾಲ? ಈ ಮುಷ್ಟಿ ಮ್ಯಾಲ!"

ನನ್ನ ಅವ್ವನಿಗೂ ಅದೇ ರೋಗ, ನಮ್ಮ ಕಾಳಿಗೂ ಅದೇ ಮುಷ್ಟಿ. ಹೋದ ವರ್ಷ ರಕ್ತದ ರಿಪೋರ್ಟು ಒಮ್ಮೆಲೇ ಕೆಟ್ಟು ಬಂತು. ಡಯಾಲಿಸಿಸ್ ಬೇಕಾದೀತು, ಪ್ರೋಟೀನು ಕಡಿಮೆ ಮಾಡಿ ಎಂದರು ಊರಿನ ಡಾಕ್ಟರು. ಪ್ರೋಟೀನು ಎಂದರೆ ನನ್ನ ತಲೆಯಲ್ಲಿ ಸೋಯಾ; ಅಷ್ಟು ಕಿವಿಗೆ ಬಿದ್ದದ್ದೇ ತಡ, ನೆಟ್ಟಗೆ ಗಿರಣಿಗೆ ಹೋದೆ. ಡಬ್ಬಿ ಹಿಡಿದ ಹೆಂಗಸರು ಪಾಳಿಯಲ್ಲಿ ನಿಂತಿದ್ದರು. ಅವರೆದುರಿಗೇ ಒದರಿದೆ:

"ಗಂಡನ್ನ ತಿಂದದ್ದು ಸಾಲಲಿಲ್ಲೇನು? ಈಗ ನಮ್ಮವ್ವನ್ನೂ ತಿನ್ನಾಕತ್ತಿ?"

ಥೂ, ಎಂಥ ನಾಲಿಗೆ ನನ್ನದು! ಗೌರಕ್ಕ ಮೋಟಾರು ಬಂದ್ ಮಾಡಿದಳು. ಸೋಯಾದ ಡಬ್ಬಿ ಎತ್ತಿಕೊಂಡು ಹೋಗಿ, ಹೊರಗೆ ನಿಂತಿದ್ದ ಆಕಳ ಮುಂದೆ ಸುರುವಿ ಬಂದಳು.

ಮುಂದಿನ ವಾರ ಅವ್ವನನ್ನು ಕರೆದೊಯ್ದು, ಸೊಲ್ಲಾಪುರದ ಡಾಕ್ಟರರ ಮುಂದೆ ಹಿಟ್ಟಿನ ಸೋಯಾದ ಸಂಗತಿಯನ್ನು ದೊಡ್ಡ ಶಾಣ್ಯಾನಂತೆ ಹೇಳಿದೆ.

"ಹತ್ತು ಕಿಲೋದಾಗ ಒಂದು ಮುಷ್ಟಿ ಏನ್ ಮಾಡ್ತದರಿ?" ಎಂದರು ಅವರು. "ಮಟನ್ ಬದಲಿ ಸೋಯಾ ತಿಂದ್ರ ಕಿಡ್ನಿಗೆ ಹಗುರ ಅಂತಾರ. ಅದು ಔಷಧಾನೂ ಅಲ್ಲ, ವಿಷಾನೂ ಅಲ್ಲ. ಬ್ಯಾರೆ ಗುಳಿಗಿ ಏನರ ತಗೋತಾರೇನು?"

ಅವ್ವ ಸಂಚಿಯಿಂದ ಮೊಣಕಾಲು ನೋವಿನ ಗುಳಿಗೆ ತೆಗೆದಳು. ದಿನಕ್ಕೆರಡು, ವರ್ಷದಿಂದ. ಡಾಕ್ಟರು ಹಣೆ ಒತ್ತಿಕೊಂಡರು.

"ಇದರಿ ಕಿಡ್ನಿ ಕೆಡಸೋದು. ಡಾಕ್ಟರನ್ನ ಕೇಳದ ಯಾರು ತಂದುಕೊಟ್ರಿ?"

"ನನ್ನ ಮಗಾನರಿ," ಎಂದಳು ಅವ್ವ, ಅಭಿಮಾನದಿಂದ. "ಒಂದ್ ವಾರಾನೂ ತಪ್ಪಿಸಿಲ್ಲರಿ, ಪಾಪ."

ಮೂರು ತಿಂಗಳು ಗಿರಣಿಯ ಓಣಿ ತಪ್ಪಿಸಿ ಓಡಾಡಿದೆ. ಹೇಡಿ ನಾನು. ಕಡೆಗೊಂದು ದಿನ ಜೋಳದ ಡಬ್ಬಿ ಹೊತ್ತು ಹೋದೆ.

"ಗೌರಕ್ಕಾ, ತಪ್ಪಾತು. ಅವ್ವಗ ಗುಳಿಗಿ ತಂದು ಕೊಟ್ಟಾಂವ ನಾನ..."

"ಕಾಳು ಇಡ್ರಿ, ಸಾಹೇಬ್ರ."

ಸಾಹೇಬ್ರ! ಗಿರಣಿಯ ಬಾಯಿಯನ್ನು ಬಟ್ಟೆಯಿಂದ ಒರೆಸಿದಳು. ಆಮೇಲೆ ಎರಡೂ ಅಂಗೈ ಬಿಚ್ಚಿ ನನ್ನ ಮುಂದೆ ಹಿಡಿದಳು. "ಏನೂ ಇಲ್ಲ. ಚಂದಾಗಿ ನೋಡ್ಕೋರಿ."

ದೀಪಾವಳಿಗೆ ಮುಂಚೆ ಗೌರಕ್ಕ ತೀರಿಕೊಂಡಳು. ಮಣ್ಣಿಗೆ ಹೋಗಲು ನನಗೆ ಮುಖವಿರಲಿಲ್ಲ. ಗಿರಣಿಯನ್ನು ಈಗ ಆಕೆಯ ಅಳಿಯ ನಡೆಸುತ್ತಾನೆ.

ಅವ್ವನನ್ನು ವಾರಕ್ಕೆರಡು ಸಲ ಡಯಾಲಿಸಿಸ್‌ಗೆ ಸೊಲ್ಲಾಪುರಕ್ಕೆ ಕರೆದೊಯ್ಯುತ್ತೇನೆ. ನಾನು ಆಡಿದ ಮಾತಾಗಲಿ, ಗೌರಕ್ಕ ಹೋದದ್ದಾಗಲಿ ಅವಳಿಗೆ ಗೊತ್ತಿಲ್ಲ. ನಿನ್ನೆ ರೊಟ್ಟಿ ಮುರಿದು ಬಾಯಿಗಿಟ್ಟು ಮುಖ ಕಿವುಚಿದಳು.

"ರುಚಿ ಬ್ಯಾರೆ ಆಗಿ ಭಾಳ ದಿನ ಆತಲ್ಲೋ. ಗೌರಿ ಮುಷ್ಟಿ ಹಾಕೋದು ಮರತಾಳ. ನಾ ಕೇಳೀನಿ ಅಂತ ಹೇಳು ಆಕಿಗಿ."