ಕಂಬಳಿಯೊಳಗಿನ ಹೂಂ

ನೆಗಡಿ-ಜ್ವರದ ಕಾಲ ಬಂತೆಂದರೆ ನಮ್ಮ ಚಿತ್ರದುರ್ಗದ ಪ್ರತಿಯೊಬ್ಬ ಗೃಹಸ್ಥನೂ ಧನ್ವಂತರಿಯ ದೂರದ ನೆಂಟನಾಗಿಬಿಡುತ್ತಾನೆ. ನಾನೂ ಅಷ್ಟೆ, ಸಾಬೂನಿನಿಂದ ಕೈ ತೊಳೆದು ತೊಳೆದು ಹಸ್ತರೇಖೆಗಳನ್ನೇ ಸವೆಸಿಕೊಂಡು, ಮಾಸ್ಕ್ ತೊಟ್ಟು, ಸೀನುವವರಿಂದ ದೂರ ಸರಿದು, ಕಾಯಿಸಿ ಆರಿಸಿದ ನೀರನ್ನು ತೀರ್ಥದಷ್ಟೇ ಭಕ್ತಿಯಿಂದ ಕುಡಿಯುತ್ತೇನೆ. ಓದುಗ ಮಿತ್ರರೇ, ಇವೆಲ್ಲ ನಿಮಗೂ ತಿಳಿದದ್ದೇ. ತಿಳಿಯದಿರಬಹುದಾದದ್ದು ಹಬೆಯ ವಿಚಾರ.

ನನ್ನಾಕೆಯ ತವರು ಹೊರಕೆರೆದೇವಪುರದ ಹತ್ತಿರ, ಕುರಿ ಸಾಕುವ ಮನೆತನ. ಅಲ್ಲಿ ಹಬೆ ತೆಗೆದುಕೊಳ್ಳುವವರು ಕರಿ ಕಂಬಳಿ ಹೊದ್ದು ಕುದಿನೀರಿನ ಪಾತ್ರೆಯ ಮುಂದೆ ಕೂರುತ್ತಾರೆ. ಹೊರಗೊಬ್ಬರು ಏನಾದರೂ ಮಾತಾಡುತ್ತಲೇ ಇರಬೇಕು, ಒಳಗಿನವರು ಹೂಂಗುಟ್ಟುತ್ತಲೇ ಇರಬೇಕು. ಹೂಂ ನಿಂತಿತೋ, ಕಂಬಳಿ ಕಿತ್ತೆಸೆಯಬೇಕು. ಒಳಗಿನವರಿಗೆ ಬಿಸಿಗೆ ತಲೆ ಸುತ್ತಿದರೆ ಹೊರಗೆ ಗೊತ್ತಾಗಲು ಬೇರೆ ದಾರಿಯಿಲ್ಲ.

ಈ ಸಲ ಜ್ವರ ಹಿಡಿದದ್ದು ಅವಳನ್ನೇ. ಊಟ ಸೇರದೆ ತೀರಾ ನಿತ್ರಾಣಳಾಗಿದ್ದಳು. ಒಂದು ಸಂಜೆ ಅವಳು ಕಂಬಳಿಯೊಳಗೆ, ನಾನು ಹೊರಗೆ. ನಿವೃತ್ತ ಉಪನ್ಯಾಸಕನಿಗೆ ಎದ್ದುಹೋಗಲಾರದ ಶ್ರೋತೃ ಸಿಕ್ಕರೆ ಕೇಳಬೇಕೆ! ಬೀದಿಯ ಕೆಮ್ಮಿನಿಂದ ಆರಂಭಿಸಿ ಲೋಕದ ಸಮಸ್ತ ಅಸ್ವಾಸ್ಥ್ಯದವರೆಗೆ ವಿಹರಿಸಿದೆ. ಮಾತುಮಾತಿಗೂ ಒಳಗಿನಿಂದ ಮೆಲ್ಲಗೆ ಹೂಂ ಬರುತ್ತಿತ್ತು. ಅಷ್ಟರಲ್ಲಿ ಗಂಜಿ ಹಿಡಿದು ಬಂದ ನಾದಿನಿ ಬಾಗಿಲಲ್ಲೇ ನಿಂತಳು.

“ಅಕ್ಕ ಯಾಕೆ ಹೂಂ ಅಂತಿಲ್ಲ ಭಾವ?”

ಅನ್ನುತ್ತಿದ್ದಾಳಲ್ಲ ಎಂದೆ. ಹಾಗೆನ್ನುವಾಗಲೂ ನನಗೆ ಹೂಂ ಕೇಳಿಸಿತು. ಅವಳು ಗಂಜಿ ಕೆಳಗಿಟ್ಟು ಕಂಬಳಿ ಸೆಳೆದಳು. ನನ್ನಾಕೆ ಗೋಡೆಗೆ ಒರಗಿ, ಬೆವರಿನಲ್ಲಿ ತೊಯ್ದು, ಎಚ್ಚರ ತಪ್ಪಿ ಕೂತಿದ್ದಳು. ಪಾತ್ರೆಯ ನೀರು ಯಾವಾಗಲೋ ಆರಿಹೋಗಿತ್ತು.

ನೀರು ಚಿಮುಕಿಸಿ ಮಲಗಿಸಿದ ಮೇಲೆ ಕಣ್ಣು ತೆರೆದಳು. ಇನ್ನಷ್ಟು ಹೊತ್ತು ಹಾಗೇ ಬಿಟ್ಟಿದ್ದರೆ ಕಷ್ಟವಿತ್ತು ಎಂದರು ಡಾಕ್ಟರು. ಕೂತ ತುಸು ಹೊತ್ತಿಗೇ ಕಣ್ಣು ಕತ್ತಲೆ ಬಂತು, ಆಮೇಲೆ ಬಾಯೇ ಬಿಟ್ಟಿಲ್ಲ ಎಂದಳು ಇವಳು. ಸಂಸಾರ ಮಾಡಿ ಮಾಡಿ ಅವಳ ಹೂಂ ನನ್ನ ಕಿವಿಯಲ್ಲೇ ಠಿಕಾಣಿ ಹೂಡಿದೆ, ಅವಳು ಅನ್ನದಿದ್ದರೂ ಅದು ಅನ್ನುತ್ತದೆ ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೂ ಹೆದರಿಕೆ ಹೋಗಲಿಲ್ಲ.

ಅವಳು ಚೇತರಿಸಿಕೊಂಡಳು; ಜ್ವರ ನನಗೆ ದಾಟಿತು. ನಿನ್ನೆ ಸಂಜೆ ಕಂಬಳಿಯೊಳಗೆ ನಾನು. ಹೊರಗೆ ಕೂತು ಅವಳು ತವರಿನ ಕುರಿಗಳ ಸುದ್ದಿ ಹೇಳುತ್ತಿದ್ದಳು. ಹೂಂ ಅನ್ನಲು ಹೋದರೆ ಗಂಟಲು ಕಟ್ಟಿ ದನಿಯೇ ಹೊರಡಲಿಲ್ಲ. ಈಗ ಕಂಬಳಿ ಎತ್ತುತ್ತಾಳೆಂದು ಕಾದೆ. ಅವಳು ಒಂದು ಹೂಂಗೆ ಬೇಕಾದಷ್ಟೇ ಬಿಡುವು ಕೊಟ್ಟು ಮುಂದಿನ ಮಾತಿಗೆ ಹೋದಳು. ಮತ್ತೆ ಬಿಡುವು, ಮತ್ತೆ ಮಾತು. ತಡೆಯಲಾರದೆ ನಾನೇ ಕಂಬಳಿ ಸರಿಸಿ, ಒಡೆದ ದನಿಯಲ್ಲಿ, ನಾನು ಹೂಂ ಅಂದೆನೇ ಎಂದು ಕೇಳಿದೆ.

“ಅಂತಾನೇ ಇದೀರಲ್ಲ,” ಎಂದಳು. “ಹೊದ್ಕಂಡು ಕುಂತ್ಕಳ್ರಿ, ಗಾಳಿ ಐತೆ.”